ಚೈನ್ ತೆಗೆದು ಎಸ್‌ಕ್ಯೂಎಲ್ ಹಾಕಿದ ಮೇಲೆ ಪ್ರೋಗ್ರಾಂ ನಿಧಾನವಾಯಿತೇ? ಐಬಿಎಂ ಐ ದೋಷ ನಿವಾರಣೆ ಕೈಪಿಡಿ

ಐಬಿಎಂನ ವ್ಯವಹಾರ ಕಂಪ್ಯೂಟರ್ ಎಎಸ್/400 ಬಂದದ್ದು 1988ರಲ್ಲಿ. ಹೆಸರು ಹಲವು ಸಲ ಬದಲಾಗಿ 2008ರಿಂದ ಐಬಿಎಂ ಐ ಆಗಿದೆ. ಅದರ ಮೇಲೆ ಕೆಲಸ ಮಾಡುವವರು ಮಾತ್ರ ಇವತ್ತಿಗೂ ಎಎಸ್ ಫೋರ್ ಹಂಡ್ರೆಡ್ ಎಂದೇ ಕರೆಯುತ್ತಾರೆ. ಬೆಂಗಳೂರಲ್ಲಿ ಕೂತು ಹೊರದೇಶದ ಗಿರಾಕಿಗಳ ಆರ್‌ಪಿಜಿ (ಈ ಮೆಷಿನ್‌ನಲ್ಲಿ ಹೆಚ್ಚು ಬಳಸುವ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಂ ನೋಡಿಕೊಳ್ಳುವವರಿಗೆ ಈ ಕೆಲಸ ಗೊತ್ತೇ ಇರುತ್ತದೆ: ಹಳೆಯ ರೆಕಾರ್ಡ್ ಲೆವೆಲ್ ಆಕ್ಸೆಸ್ (ಫೈಲಿನಿಂದ ರೆಕಾರ್ಡ್‌ಗಳನ್ನು ಒಂದೊಂದಾಗಿ ಓದುವ, ಬರೆಯುವ ವಿಧಾನ) ತೆಗೆದು ಎಸ್‌ಕ್ಯೂಎಲ್ ಹಾಕಿ. ಹಾಕುತ್ತೀರಿ. ಪ್ರೋಗ್ರಾಂ ನಿಧಾನವಾಗುತ್ತದೆ. ಪಕ್ಕದ ಸೀಟಿನ ಸೀನಿಯರ್ "ನಾನು ಮೊದಲೇ ಹೇಳಿರಲಿಲ್ವಾ" ಅಂತಾರೆ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೀ ಗೊತ್ತಿದೆ, ಬೇಕಾದದ್ದು ಒಂದೇ ರೆಕಾರ್ಡ್, ಫೈಲ್ ಆಗಲೇ ತೆರೆದಿದೆ ಎಂದಾದರೆ ಚೈನ್ ಅನ್ನು, ಅಂದರೆ ಕೀ ಕೊಟ್ಟು ಒಂದು ರೆಕಾರ್ಡ್ ತರುವ ಆರ್‌ಪಿಜಿ ಆದೇಶವನ್ನು, ಸೋಲಿಸುವುದು ಕಷ್ಟ. ಹತ್ತು ಫೈಲುಗಳಿಂದ ಲಕ್ಷಾಂತರ ರೆಕಾರ್ಡ್ ಕೂಡಿಸಿ ಮೊತ್ತ ತೆಗೆಯಬೇಕಾದರೆ ಎಸ್‌ಕ್ಯೂಎಲ್ ಮುಂದೆ ಓಡುತ್ತದೆ. ನಾನು ನೋಡಿದ "ಎಸ್‌ಕ್ಯೂಎಲ್ ನಿಧಾನ" ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಎರಡೇ. ಒಂದು, ಪ್ರತಿ ಸಲ ಫೈಲ್ ತೆರೆದು ಮುಚ್ಚುವ ಖರ್ಚು. ಇನ್ನೊಂದು, ಚೈನ್ ಬರೆಯುವ ರೀತಿಯಲ್ಲೇ ಬರೆದ ಎಸ್‌ಕ್ಯೂಎಲ್. ಇಂಡೆಕ್ಸ್ (ರೆಕಾರ್ಡ್ ಬೇಗ ಹುಡುಕಲು ಕಟ್ಟಿಟ್ಟ ಸೂಚಿ) ಆಮೇಲೆ. ಆದರೆ ಎಲ್ಲರೂ ಮೊದಲು ಇಂಡೆಕ್ಸ್ ಹಿಂದೆಯೇ ಓಡುತ್ತಾರೆ.

ಶುರು ಮಾಡುವ ಮುನ್ನ: ಅಳತೆ ಸರಿಯಾಗಿದೆಯೇ?

ಒಂದು ಸಲ ಓಡಿಸಿ ಗಡಿಯಾರ ನೋಡಿದರೆ ಅದು ಅಳತೆಯಲ್ಲ. ಎರಡೂ ಪ್ರೋಗ್ರಾಂಗಳನ್ನು ಒಂದೇ ರೀತಿಯ ಜಾಬ್‌ನಲ್ಲಿ, ಅದೇ ಡೇಟಾ ಮೇಲೆ, ಕಡಿಮೆ ಎಂದರೂ ಐದು ಸಲ ಓಡಿಸಿ. ಮೊದಲು ಓಡಿದ್ದು ಡೇಟಾವನ್ನು ಡಿಸ್ಕ್‌ನಿಂದ ಮೆಮೊರಿಗೆ ತಂದಿರುತ್ತದೆ. ಎರಡನೆಯದಕ್ಕೆ ಅದರ ಲಾಭ ಬಿಟ್ಟಿಯಾಗಿ ಸಿಗುತ್ತದೆ. ಹಾಗಾಗಿ ಓಡಿಸುವ ಸರದಿಯನ್ನೂ ಅದಲು ಬದಲು ಮಾಡಿ ನೋಡಿ.

ಟೆಸ್ಟ್ ಮೆಷಿನ್‌ನ ಫಲಿತಾಂಶವನ್ನು ಹಾಗೇ ನಂಬಬೇಡಿ. ಫೈಲಿನಲ್ಲಿ ಎಷ್ಟು ರೆಕಾರ್ಡ್ ಇದೆ, ಜಾಬ್ ಓಡುವ ಪೂಲ್‌ನಲ್ಲಿ ಎಷ್ಟು ಮೆಮೊರಿ ಇದೆ ಎಂದು ನೋಡಿಯೇ ಡೇಟಾಬೇಸ್‌ನ ಆಪ್ಟಿಮೈಜರ್ ಡೇಟಾ ಓದುವ ದಾರಿ ಆರಿಸುತ್ತದೆ. ಐದು ಸಾವಿರ ರೆಕಾರ್ಡ್ ಇರುವಲ್ಲಿ ಇಡೀ ಟೇಬಲ್ ಓದುವುದೇ ಅದಕ್ಕೆ ಅಗ್ಗ ಅನಿಸಬಹುದು. ಐದು ಕೋಟಿ ಇರುವಲ್ಲಿ ಅದೇ ಕ್ವೆರಿಗೆ ಬೇರೆ ದಾರಿ. ಚೈನ್‌ಗೆ ಈ ತಲೆನೋವಿಲ್ಲ. ನೀವು ಹೇಳಿದ ಲಾಜಿಕಲ್ ಫೈಲಿನಲ್ಲೇ (ಮೂಲ ಫೈಲಿನ ಮೇಲೆ ಕಟ್ಟಿದ ಕೀ ಇರುವ ನೋಟ) ಅದು ಹೋಗುತ್ತದೆ, ಸರಿಯೋ ತಪ್ಪೋ.

ಆಮೇಲೆ ಜಾಬ್ ಲಾಗ್, ಅಂದರೆ ಆ ಜಾಬ್‌ನ ಮೆಸೇಜ್‌ಗಳ ದಾಖಲೆ. ಇದಕ್ಕೆ ಕಾಸಿಲ್ಲ, ಬೇರೆ ಟೂಲ್ ಬೇಕಿಲ್ಲ. ಎಸ್‌ಟಿಆರ್‌ಡಿಬಿಜಿ ಕೊಟ್ಟು ಜಾಬ್ ಅನ್ನು ಡಿಬಗ್ ಮೋಡ್‌ಗೆ ಹಾಕಿ, ಪ್ರೋಗ್ರಾಂ ಓಡಿಸಿ, ಲಾಗ್ ತೆರೆಯಿರಿ. ಡೇಟಾಬೇಸ್ ಏನು ಮಾಡಿತು ಎಂದು ಅದೇ ಹೇಳುತ್ತದೆ.

ಎಚ್ಚರಿಕೆ: ಪ್ರೊಡಕ್ಷನ್ ಲೈಬ್ರರಿಯ ಫೈಲನ್ನು ಡಿಬಗ್‌ನಲ್ಲಿ ಬದಲಿಸಲು ಬಿಡಬೇಕೇ ಎಂದು ಆ ಕಮಾಂಡ್‌ನ ಅಪ್‌ಡಿಪ್ರಾಡ್ ಪ್ಯಾರಾಮೀಟರ್ ಕೇಳುತ್ತದೆ. ಅದಕ್ಕೆ *ಯೆಸ್ ಕೊಟ್ಟರೆ ಬರೆದದ್ದು ನಿಜವಾಗಿಯೇ ಬರೆಯಲ್ಪಡುತ್ತದೆ. ಡಿಬಗ್ ಎಂದ ಮಾತ್ರಕ್ಕೆ ಅದು ರಿಹರ್ಸಲ್ ಅಲ್ಲ. ಬಿಲ್ಲಿಂಗ್‌ನಂಥ ಅಪ್‌ಡೇಟ್ ಪ್ರೋಗ್ರಾಂಗಳನ್ನು ಲೈವ್ ಡೇಟಾ ಮೇಲೆ "ಸುಮ್ನೆ ನೋಡೋಣ" ಅಂತ ಓಡಿಸಬೇಡಿ.

"ಮೊದಲ ಎರಡು ಸಲ ನಿಧಾನ, ಆಮೇಲೆ ಸರಾಗ"

ಇದು ದೋಷವೇ ಅಲ್ಲ. ಒಂದು ಎಸ್‌ಕ್ಯೂಎಲ್ ಸ್ಟೇಟ್‌ಮೆಂಟ್ ಮೊದಲ ಸಲ ಓಡಿದಾಗ ಡೇಟಾಬೇಸ್ ಪ್ಲಾನ್ ಹುಡುಕಬೇಕು, ಅನುಮತಿ ನೋಡಬೇಕು, ಫೈಲಿನ ದಾರಿ ತೆರೆಯಬೇಕು. ಈ ದಾರಿಗೆ ಓಪನ್ ಡೇಟಾ ಪಾತ್, ಚಿಕ್ಕದಾಗಿ ಓಡಿಪಿ ಎನ್ನುತ್ತಾರೆ. ಸಾಮಾನ್ಯವಾಗಿ ಎರಡನೇ ಸಲ ಮುಗಿದ ಮೇಲೆ ಡೇಟಾಬೇಸ್ ಅದನ್ನು ನಿಜವಾಗಿ ಮುಚ್ಚುವುದಿಲ್ಲ, ಮುಚ್ಚಿದಂತೆ ತೋರಿಸಿ ಇಟ್ಟುಕೊಳ್ಳುತ್ತದೆ. ಮೂರನೇ ಸಲದಿಂದ ತೆರೆಯುವ ಖರ್ಚು ಬಹುಪಾಲು ಇಲ್ಲ.

ಲಾಗ್‌ನಲ್ಲಿ ಮೊದಲು ಎಸ್‌ಕ್ಯೂಎಲ್ 7912 ಕಾಣುತ್ತದೆ, ಅಂದರೆ ಓಡಿಪಿ ಹೊಸದಾಗಿ ಆಯಿತು. ಆಮೇಲೆ 7914, ಅಳಿಸದೆ ಉಳಿಸಿಕೊಂಡಿತು. ಆಮೇಲೆ ಪ್ರತಿ ಸಲ 7911, ಹಳೆಯದನ್ನೇ ಮತ್ತೆ ಬಳಸಿತು. ಹೀಗಿದ್ದರೆ ಮುಂದಿನ ಭಾಗ ನಿಮಗೆ ಬೇಡ. ದಿನಕ್ಕೊಂದು ಸಲ ಓಡುವ ಪ್ರೋಗ್ರಾಂನಲ್ಲಿ ಮೊದಲ ಸಲದ ಒಂದಿಷ್ಟು ತಡಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

"ಸಾವಿರ ಸಲ ಕಾಲ್ ಆಗುತ್ತದೆ, ಸಾವಿರ ಸಲವೂ ನಿಧಾನ"

ಲಾಗ್‌ನಲ್ಲಿ 7912, 7913, ಮತ್ತೆ 7912, 7913 ಎಂದು ಸಾಲು ಸಾಲಾಗಿ ಬರುತ್ತಿದೆಯೇ? 7913 ಎಂದರೆ ಓಡಿಪಿ ಅಳಿಸಿಹೋಯಿತು. ಪ್ರತಿ ಕಾಲ್‌ಗೂ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು ನಡೆಯುತ್ತಿದೆ. ಚೈನ್ ಜೊತೆ ಹೋಲಿಸಿದಾಗ ಎಸ್‌ಕ್ಯೂಎಲ್ ಮರ್ಯಾದೆ ಹೋಗುವುದು ಬಹಳಷ್ಟು ಸಲ ಇಲ್ಲೇ.

ಮೊದಲು ನೋಡಬೇಕಾದ್ದು ಕಂಪೈಲ್ ಆಪ್ಷನ್. ಕ್ಲೋಸ್ ಎಸ್‌ಕ್ಯೂಎಲ್ ಕರ್ಸರ್ (ಕರ್ಸರ್ ಎಂದರೆ ಫಲಿತಾಂಶದ ಸಾಲುಗಳನ್ನು ತರುವ ಸಾಧನ) ಎಂಬ ಆಯ್ಕೆಗೆ *ಎಂಡ್‌ಮಾಡ್ ಕೊಟ್ಟಿದ್ದರೆ ಮಾಡ್ಯೂಲ್‌ನಿಂದ ಹೊರಬಂದ ಕೂಡಲೇ ಎಲ್ಲ ಮುಚ್ಚುತ್ತದೆ. ಎಂಬೆಡೆಡ್ ಎಸ್‌ಕ್ಯೂಎಲ್ ಇರುವ ಐಎಲ್‌ಇ ಆರ್‌ಪಿಜಿಯಲ್ಲಿ ಡೀಫಾಲ್ಟ್ ಆಗಿ ಬರುವುದು *ಎಂಡ್‌ಆ್ಯಕ್ಟ್‌ಜಿಆರ್‌ಪಿ. ಅದೇ ಇರಲಿ. ಹಳೆಯ ಸೋರ್ಸ್‌ನಲ್ಲಿ ಯಾರೋ ಯಾವಾಗಲೋ ಸೆಟ್ ಆಪ್ಷನ್ ಸಾಲಿನಲ್ಲಿ *ಎಂಡ್‌ಮಾಡ್ ಬರೆದಿಟ್ಟಿರುತ್ತಾರೆ. ಅದು ಕಾಪಿ ಪೇಸ್ಟ್ ಆಗಿ ಇನ್ನೂರು ಪ್ರೋಗ್ರಾಂಗಳಿಗೆ ಹಬ್ಬಿರುತ್ತದೆ.

ಎರಡನೆಯದು ಆ್ಯಕ್ಟಿವೇಶನ್ ಗ್ರೂಪ್, ಅಂದರೆ ಜಾಬ್ ಒಳಗೆ ಪ್ರೋಗ್ರಾಂನ ಸಂಪನ್ಮೂಲಗಳನ್ನು ಹಿಡಿದಿಡುವ ಜಾಗ. ಅದು *ನ್ಯೂ ಆಗಿದ್ದರೆ ಪ್ರೋಗ್ರಾಂ ಮುಗಿದಾಗಲೆಲ್ಲ ಗ್ರೂಪೇ ಹೋಗುತ್ತದೆ, ಅದರ ಜೊತೆ ಓಡಿಪಿಯೂ ಹೋಗುತ್ತದೆ. ಹೆಸರಿಟ್ಟ ಗ್ರೂಪ್ ಅಥವಾ *ಕಾಲರ್ ಬಳಸಿ.

ಮೂರನೆಯದು ಡೈನಾಮಿಕ್ ಎಸ್‌ಕ್ಯೂಎಲ್. ಗಿರಾಕಿ ನಂಬರನ್ನು ಸ್ಟ್ರಿಂಗ್‌ಗೆ ಅಂಟಿಸಿ ಪ್ರತಿ ಸಲ ಹೊಸ ವಾಕ್ಯ ಪ್ರಿಪೇರ್ ಮಾಡುತ್ತಿದ್ದರೆ ಡೇಟಾಬೇಸ್ ಕಣ್ಣಿಗೆ ಪ್ರತಿಯೊಂದೂ ಹೊಸ ಸ್ಟೇಟ್‌ಮೆಂಟ್. ಪ್ಯಾರಾಮೀಟರ್ ಮಾರ್ಕರ್ (ಮೌಲ್ಯ ಆಮೇಲೆ ತುಂಬುವ ? ಗುರುತು) ಹಾಕಿ, ಒಮ್ಮೆ ಪ್ರಿಪೇರ್ ಮಾಡಿ, ಮತ್ತೆ ಮತ್ತೆ ಓಪನ್ ಮಾಡಿ. ಹೀಗೆ ಅಂಟಿಸಿದ ಸ್ಟ್ರಿಂಗ್ ಭದ್ರತೆಗೂ ತೂತು. ಅದಕ್ಕಾದರೂ ಬಿಡಿ.

ಇವೆಲ್ಲ ಸರಿ ಇದ್ದೂ 7913 ಬರುತ್ತಿದ್ದರೆ, ಮಧ್ಯದಲ್ಲಿ ಲೈಬ್ರರಿ ಲಿಸ್ಟ್ (ಜಾಬ್ ಫೈಲುಗಳನ್ನು ಹುಡುಕುವ ಲೈಬ್ರರಿಗಳ ಪಟ್ಟಿ) ಬದಲಾಗುತ್ತಿದೆಯೇ ನೋಡಿ. ಬೇರೆ ಜಾಬ್ ಆ ಫೈಲನ್ನು ಎಕ್ಸ್‌ಕ್ಲೂಸಿವ್ ಆಗಿ ಕೇಳಿದರೂ ಡೇಟಾಬೇಸ್ ಉಳಿಸಿಟ್ಟ ಓಡಿಪಿಯನ್ನು ಬಿಟ್ಟುಕೊಡುತ್ತದೆ.

ಒಂದು ಅಡ್ಡ ಮಾತು. ಈ ಖರ್ಚು ರೆಕಾರ್ಡ್ ಲೆವೆಲ್‌ಗೂ ಇದೆ. ಎಲ್ಆರ್ (ಕೆಲಸ ಪೂರ್ತಿ ಮುಗಿಯಿತು ಎಂದು ಹೇಳುವ ಇಂಡಿಕೇಟರ್) ಆನ್ ಮಾಡಿ ಮುಗಿಯುವ ಆರ್‌ಪಿಜಿ ಪ್ರೋಗ್ರಾಂ ತನ್ನ ಫೈಲುಗಳನ್ನೆಲ್ಲ ಮುಚ್ಚುತ್ತದೆ, ಮುಂದಿನ ಕಾಲ್‌ನಲ್ಲಿ ಮತ್ತೆ ತೆರೆಯುತ್ತದೆ. ಹಳೆಯದು ಎಲ್ಆರ್ ಆಫ್ ಇಟ್ಟುಕೊಂಡು ರಿಟರ್ನ್ ಆಗುತ್ತಿತ್ತು, ಹೊಸದು *ಎಂಡ್‌ಮಾಡ್ ಎಂದಾದರೆ, ನೀವು ಹೋಲಿಸುತ್ತಿರುವುದು ತೆರೆದ ಫೈಲನ್ನು ಮುಚ್ಚಿದ ಫೈಲಿನ ಜೊತೆ.

"ರಾತ್ರಿ ಬ್ಯಾಚ್ ಮೊದಲಿಗಿಂತ ಉದ್ದವಾಯಿತು"

ಸೋರ್ಸ್ ತೆರೆದು ಲೂಪ್ ನೋಡಿ. ಹೆಚ್ಚಾಗಿ ಕಾಣುವುದು ಇದು: ಆರ್ಡರ್ ಫೈಲಿನ ಮೇಲೆ ಕರ್ಸರ್, ಒಂದೊಂದೇ ಸಾಲಿನ ಫೆಚ್. ಒಳಗೆ ಗಿರಾಕಿಗೆ ಒಂದು ಸೆಲೆಕ್ಟ್ ಇಂಟೂ, ಐಟಂಗೆ ಒಂದು, ದರಕ್ಕೆ ಒಂದು. ಅಂದರೆ ರೀಡ್ ಇದ್ದಲ್ಲಿ ಫೆಚ್, ಚೈನ್ ಇದ್ದಲ್ಲಿ ಸೆಲೆಕ್ಟ್. ಹತ್ತು ಲಕ್ಷ ಆರ್ಡರ್ ಇದ್ದರೆ ಮೂವತ್ತು ಲಕ್ಷ ಸೆಲೆಕ್ಟ್. ಓಡಿಪಿ ಉಳಿದಿದ್ದರೂ ಪ್ರತಿಯೊಂದು ಸೆಲೆಕ್ಟ್‌ಗೂ ಚೈನ್‌ಗಿಂತ ಸ್ವಲ್ಪ ಜಾಸ್ತಿ ಕೆಲಸ ಇರುತ್ತದೆ. ಆ ಸ್ವಲ್ಪವನ್ನು ಮೂವತ್ತು ಲಕ್ಷದಿಂದ ಗುಣಿಸಿ.

ಇಲ್ಲಿ ಇಂಡೆಕ್ಸ್ ಹಾಕಿ ಪ್ರಯೋಜನವಿಲ್ಲ. ಇಂಡೆಕ್ಸ್ ಬಹುಶಃ ಆಗಲೇ ಇದೆ. ಚೈನ್ ಅದರ ಮೇಲೇ ತಾನೇ ನಡೆಯುತ್ತಿದ್ದದ್ದು?

ಮಾಡಬೇಕಾದ್ದು ನಾಲ್ಕೂ ಫೈಲುಗಳನ್ನು ಒಂದೇ ಜಾಯಿನ್‌ಗೆ ತರುವುದು. ಗಿರಾಕಿ ಸಿಗದಿದ್ದರೂ ಹಳೆಯ ಪ್ರೋಗ್ರಾಂ ಆರ್ಡರನ್ನು ಬಿಡುತ್ತಿರಲಿಲ್ಲ ಎಂದಾದರೆ ಲೆಫ್ಟ್ ಜಾಯಿನ್ ಬೇಕು. ಇದನ್ನು ಮರೆತರೆ ಪ್ರೋಗ್ರಾಂ ವೇಗವಾಗುತ್ತದೆ, ಲೆಕ್ಕ ತಪ್ಪುತ್ತದೆ. ಚೈನ್ ಆದ ಮೇಲೆ ಫೌಂಡ್ ಇಂಡಿಕೇಟರ್ ನೋಡುವ ಸಾಲುಗಳನ್ನು ಒಂದೊಂದಾಗಿ ಓದಿ, ಸಿಗದಾಗ ಏನು ಮಾಡುತ್ತಿತ್ತು ಎಂದು ಬರೆದಿಟ್ಟುಕೊಳ್ಳಿ. ಹಾಗೆಯೇ ಒಂದು ಕೀಗೆ ಎರಡು ರೆಕಾರ್ಡ್ ಇದ್ದಾಗ ಚೈನ್ ಮೊದಲನೆಯದನ್ನು ಮಾತ್ರ ತರುತ್ತಿತ್ತು. ಜಾಯಿನ್ ಎರಡನ್ನೂ ತರುತ್ತದೆ, ಮೊತ್ತ ದುಪ್ಪಟ್ಟಾಗುತ್ತದೆ.

ಆಮೇಲೆ ಫೆಚ್. ಒಂದೊಂದೇ ಸಾಲಿನ ಬದಲು ಡೇಟಾ ಸ್ಟ್ರಕ್ಚರ್ ಅರೇಗೆ ಒಮ್ಮೆಗೆ ನೂರಾರು ಸಾಲು ತರಿಸಿ. ಓದುವುದಕ್ಕೆ ಮಾತ್ರ ಎಂದಾದರೆ ಕರ್ಸರ್‌ನಲ್ಲಿ ಫಾರ್ ರೀಡ್ ಓನ್ಲಿ ಎಂದು ಸ್ಪಷ್ಟವಾಗಿ ಬರೆಯಿರಿ. ಹಳೆಯ ರೀಡ್ ಲೂಪ್‌ಗೆ ಗುಂಪಾಗಿ ಓದುವ ಸೌಲಭ್ಯ ಕೇಳದೆಯೇ ಸಿಗುತ್ತಿತ್ತು, ಫೈಲ್ ಇನ್‌ಪುಟ್‌ಗೆ ಮಾತ್ರ ತೆರೆದಿದ್ದರೆ. ಹೋಲಿಸುವಾಗ ಇದೂ ಲೆಕ್ಕಕ್ಕೆ ಬರಬೇಕು.

ಲೂಪ್ ಕೊನೆಗೆ ಮೊತ್ತವೊಂದನ್ನೇ ಬರೆಯುತ್ತಿದ್ದರೆ ಲೂಪೇ ಬೇಡ. ಸಮ್ ಮತ್ತು ಗ್ರೂಪ್ ಬೈ ಡೇಟಾಬೇಸ್ ಒಳಗೇ ಆಗಲಿ. ರೆಕಾರ್ಡ್ ಲೆವೆಲ್ ಹತ್ತಿರಕ್ಕೂ ಬರದ ಜಾಗ ಇದು.

"ಒಂದೇ ರೆಕಾರ್ಡ್ ಬೇಕು, ಆದರೂ ಸೆಕೆಂಡ್‌ಗಟ್ಟಲೆ"

ಈಗ ಇಂಡೆಕ್ಸ್ ಮಾತು. ಲಾಗ್‌ನಲ್ಲಿ ಸಿಪಿಐ 4329 ಇದ್ದರೆ ಇಡೀ ಫೈಲನ್ನು, ರೆಕಾರ್ಡ್‌ಗಳು ಬಂದ ಕ್ರಮದಲ್ಲಿ, ಓದಿದೆ. ಸಿಪಿಐ 4321 ಇದ್ದರೆ ಕ್ವೆರಿಗೋಸ್ಕರ ಸಿಸ್ಟಮ್ ತಾನೇ ಒಂದು ಇಂಡೆಕ್ಸ್ ಕಟ್ಟಿಕೊಂಡಿದೆ. ಸಿಪಿಐ 432ಎಫ್ ಎಂದರೆ ಇಂಥ ಇಂಡೆಕ್ಸ್ ಇದ್ದರೆ ಒಳ್ಳೆಯದು ಎಂಬ ಸಲಹೆ.

"ಲಾಜಿಕಲ್ ಫೈಲ್ ಇದೆಯಲ್ಲ, ಯಾಕೆ ಬಳಸಲಿಲ್ಲ?" ಎಲ್ಲರೂ ಕೇಳುವ ಪ್ರಶ್ನೆ. ಮೊದಲು ವೇರ್ ಸಾಲು ನೋಡಿ. ಕಾಲಂ ಮೇಲೆ ಫಂಕ್ಷನ್ ಸುತ್ತಿದ್ದೀರಾ? ಹಳೆಯ ಫೈಲುಗಳಲ್ಲಿ ತಾರೀಖು 20240315 ಎಂಬ ಎಂಟಂಕಿಯ ಸಂಖ್ಯೆಯಾಗಿರುತ್ತದೆ. ಆ ಕಾಲಂ ಅನ್ನು ಡೇಟ್ ಆಗಿ ಬದಲಿಸಿ ಇವತ್ತಿನ ತಾರೀಖಿಗೆ ಹೋಲಿಸಿದರೆ, ಸಂಖ್ಯೆಯ ಮೇಲೆ ಕಟ್ಟಿದ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಕಾಲಂ ಮುಟ್ಟಬೇಡಿ. ಇವತ್ತಿನ ತಾರೀಖನ್ನೇ ಎಂಟಂಕಿಗೆ ಬದಲಿಸಿ ವೇರಿಯಬಲ್‌ನಲ್ಲಿ ಕೊಡಿ. ಹೆಸರಿನ ಮೇಲೆ ಅಪ್ಪರ್, ಕೋಡ್ ಮೇಲೆ ಟ್ರಿಮ್ ಹಾಕುವುದೂ ಇದೇ ತಪ್ಪು. ಫಂಕ್ಷನ್ ಬೇಕೇ ಬೇಕು ಎಂದಾದರೆ ಐಬಿಎಂ ಐ 6.1ರಿಂದ ಆ ಫಂಕ್ಷನ್ ಮೇಲೆಯೇ ಇಂಡೆಕ್ಸ್ ಕಟ್ಟಬಹುದು.

ಆಮೇಲೆ ಸಾರ್ಟ್ ಸೀಕ್ವೆನ್ಸ್, ಅಂದರೆ ಅಕ್ಷರಗಳನ್ನು ಜೋಡಿಸುವ ಕ್ರಮ. ಜಾಬ್‌ನದ್ದು ಒಂದು, ಇಂಡೆಕ್ಸ್‌ನದ್ದು ಇನ್ನೊಂದು ಆಗಿದ್ದರೆ ಅಕ್ಷರಗಳ ಹೋಲಿಕೆಗೆ ಆ ಇಂಡೆಕ್ಸ್ ನಡೆಯುವುದಿಲ್ಲ. ಸಿಪಿಐ 432ಸಿ ಮೆಸೇಜ್ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ. ಪ್ರತಿ ಇಂಡೆಕ್ಸ್ ಹೆಸರಿನ ಮುಂದೆ ಅದನ್ನು ಯಾಕೆ ಬಿಟ್ಟಿತು ಎಂಬ ಕಾರಣ ಸಂಖ್ಯೆ ಇರುತ್ತದೆ. ಈ ಒಂದು ಮೆಸೇಜ್ ಓದುವವರು ಕಡಿಮೆ. ಓದಿದರೆ ಅರ್ಧ ಚರ್ಚೆ ಮುಗಿಯುತ್ತದೆ.

ಫ್ರಂ ಮುಂದೆ ಲಾಜಿಕಲ್ ಫೈಲ್ ಹೆಸರು ಬರೆದರೆ ಅದೇ ದಾರಿ ಹಿಡಿಯುತ್ತದೆ ಎಂಬ ನಂಬಿಕೆ ಇದೆ. ಹಾಗಿಲ್ಲ. ಚೈನ್‌ಗೆ ಅದು ಆದೇಶ, ಎಸ್‌ಕ್ಯೂಎಲ್‌ಗೆ ಬರೀ ಹೆಸರು. ಮೂಲ ಟೇಬಲ್ ಹೆಸರೇ ಬರೆಯಿರಿ, ಆರಿಸುವುದನ್ನು ಆಪ್ಟಿಮೈಜರ್‌ಗೆ ಬಿಡಿ.

ಇಷ್ಟರ ಮೇಲೂ ಬೇಕಾದರೆ ಹೊಸ ಇಂಡೆಕ್ಸ್. ಸಮ ಎಂದು ಹೋಲಿಸುವ ಕಾಲಂಗಳು ಮೊದಲು, ವ್ಯಾಪ್ತಿ ನೋಡುವ ಕಾಲಂ ಆಮೇಲೆ. ಎಸ್‌ಕ್ಯೂಎಲ್‌ನಿಂದ ಕಟ್ಟಿದ ಇಂಡೆಕ್ಸ್‌ನ ಪುಟ ಡೀಫಾಲ್ಟ್ ಆಗಿ 64 ಕೆಬಿ. ದೊಡ್ಡ ಓದಿಗೆ ಇದು ಅನುಕೂಲ.

ಎಚ್ಚರಿಕೆ: ಕ್ಯೂಎಸ್‌ವೈಎಸ್2 ಒಳಗಿನ ಸಿಸ್‌ಐಎಕ್ಸ್‌ಎಡಿವಿ ಟೇಬಲ್‌ನಲ್ಲಿ ಸಲಹೆಗಳ ರಾಶಿಯೇ ಇರುತ್ತದೆ. ಎಲ್ಲವನ್ನೂ ಕಟ್ಟಬೇಡಿ. ಒಂದೊಂದು ಇಂಡೆಕ್ಸ್ ಜಾಸ್ತಿಯಾದಾಗಲೂ ಆ ಫೈಲಿಗೆ ಬರೆಯುವ ಪ್ರತಿ ಪ್ರೋಗ್ರಾಂ, ಹಳೆಯ ಆರ್‌ಪಿಜಿಯೂ ಸೇರಿ, ಸ್ವಲ್ಪ ಭಾರವಾಗುತ್ತದೆ. ದೊಡ್ಡ ಫೈಲಿನ ಮೇಲೆ ಹಗಲು ಹೊತ್ತು ಇಂಡೆಕ್ಸ್ ಕಟ್ಟಲು ಹೋಗಲೇಬೇಡಿ. ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಇದ್ದರೆ ಅವರ ಒಪ್ಪಿಗೆ ಪಡೆಯಿರಿ.

"ಪಟ್ಟಿಯ ಮೊದಲ ಪುಟ ಬರಲು ತಡ"

ಹಳೆಯ ಸಬ್‌ಫೈಲ್ (ಪರದೆಯ ಮೇಲೆ ಪಟ್ಟಿ ತೋರಿಸುವ) ಪ್ರೋಗ್ರಾಂ ಸೆಟ್‌ಎಲ್‌ಎಲ್ ಕೊಟ್ಟು ಬೇಕಾದ ಕೀ ಹತ್ತಿರ ಹೋಗಿ ಹದಿನೈದು ರೆಕಾರ್ಡ್ ಓದಿ ಪರದೆ ತೋರಿಸುತ್ತಿತ್ತು. ಉಳಿದದ್ದು ಪೇಜ್ ಡೌನ್ ಒತ್ತಿದಾಗ. ಪ್ರೋಗ್ರಾಂ ಒಳಗೆ ನೇರವಾಗಿ ಬರೆದ ಸ್ಟಾಟಿಕ್ ಎಸ್‌ಕ್ಯೂಎಲ್ ಮಾತ್ರ ಎಲ್ಲ ಸಾಲುಗಳೂ ಬೇಕು ಎಂದೇ ಭಾವಿಸಿ ಪ್ಲಾನ್ ಮಾಡುತ್ತದೆ. ಮೊದಲ ಸಾಲು ಕೊಡುವ ಮುನ್ನವೇ ಪೂರ್ತಿ ಸಾರ್ಟ್ ಮಾಡಿಟ್ಟಿರಬಹುದು. ಕ್ವೆರಿ ಕೊನೆಗೆ ಆಪ್ಟಿಮೈಜ್ ಫಾರ್ 15 ರೋಸ್ ಎಂದು ಸೇರಿಸಿ ನೋಡಿ. ಆರ್ಡರ್ ಬೈ ಕಾಲಂಗಳ ಮೇಲೆ ಇಂಡೆಕ್ಸ್ ಇದ್ದರೆ ಫರಕು ಕೂಡಲೇ ಕಾಣುತ್ತದೆ. ಆರ್ಡರ್ ಬೈ ತೆಗೆದುಹಾಕುವ ಉಪಾಯ ಬೇಡ. ಅದಿಲ್ಲದೆ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಖಾತ್ರಿ ಇಲ್ಲ.

"ಒಂದು ನಿಮಿಷ ಸುಮ್ಮನೆ ನಿಂತು, ಆಮೇಲೆ ಎರರ್"

ಇದು ನಿಧಾನವಲ್ಲ, ಲಾಕ್. ಫೈಲಿನಲ್ಲಿ ರೆಕಾರ್ಡ್‌ಗಾಗಿ ಕಾಯುವ ಸಮಯ ಬದಲಿಸಿರದಿದ್ದರೆ 60 ಸೆಕೆಂಡ್. ಆರ್‌ಪಿಜಿಯಲ್ಲಿ ಸ್ಟೇಟಸ್ 1218, ಎಸ್‌ಕ್ಯೂಎಲ್‌ನಲ್ಲಿ ಮೈನಸ್ 913 ಬಂದರೆ ಅನುಮಾನವೇ ಬೇಡ. ಡಿಎಸ್‌ಪಿಆರ್‌ಸಿಡಿಎಲ್‌ಸಿಕೆ ಕಮಾಂಡ್ ಕೊಟ್ಟರೆ ಯಾರು ಹಿಡಿದಿದ್ದಾರೆ ಗೊತ್ತಾಗುತ್ತದೆ.

ಅಪ್‌ಡೇಟ್‌ಗೆ ತೆರೆದ ಫೈಲಿನ ಮೇಲೆ ಚೈನ್ ಮಾಡಿ, ಪರದೆ ತೋರಿಸಿ, ಬಳಕೆದಾರರು ಕಾಫಿಗೆ ಹೋಗಿದ್ದರೆ ಆ ರೆಕಾರ್ಡ್ ಅಲ್ಲಿಯವರೆಗೂ ಬೀಗ. ಬರೀ ನೋಡುವುದಕ್ಕಾದರೆ ಚೈನ್ ಜೊತೆ ಎನ್ ಹಾಕಿ, ಲಾಕ್ ಇಲ್ಲದೆ ಓದುತ್ತದೆ. ಎಸ್‌ಕ್ಯೂಎಲ್ ಕಡೆಯ ತಪ್ಪು ಇನ್ನೊಂದು ಬಗೆಯದು. ಎಂಬೆಡೆಡ್ ಎಸ್‌ಕ್ಯೂಎಲ್ ಡೀಫಾಲ್ಟ್ ಆಗಿ ಕಮಿಟ್ *ಸಿಎಚ್‌ಜಿ ಜೊತೆ ಕಂಪೈಲ್ ಆಗುತ್ತದೆ. ಕಮಿಟ್ ಮಾಡುವುದನ್ನು, ಅಂದರೆ ಬದಲಾವಣೆಯನ್ನು ಖಾಯಂ ಮಾಡುವುದನ್ನು, ಮರೆತರೆ ಬದಲಿಸಿದ ಸಾಲುಗಳೆಲ್ಲ ಹಾಗೇ ಬೀಗದಲ್ಲಿರುತ್ತವೆ, ಹಳೆಯ ಆರ್‌ಪಿಜಿಗಳು ಕಾಯುತ್ತಾ ನಿಲ್ಲುತ್ತವೆ. ಸುಲಭ ಎಂದು ಎಲ್ಲದಕ್ಕೂ *ನನ್ (ಕಮಿಟ್ ನಿಯಂತ್ರಣವೇ ಬೇಡ) ಹಾಕುವ ಮುನ್ನ ಅರ್ಧಕ್ಕೆ ನಿಂತ ಅಪ್‌ಡೇಟ್ ಅನ್ನು ಹಿಂದಕ್ಕೆ ತರಬೇಕಾಗುತ್ತದೆಯೇ ಎಂದು ಆ ಅಪ್ಲಿಕೇಶನ್‌ನ ಹೊಣೆ ಹೊತ್ತವರನ್ನು ಕೇಳಿ.

ಲಾಕ್ ಹಿಡಿದ ಜಾಬನ್ನು ನೀವೇ ಎಂಡ್ ಮಾಡಬೇಡಿ. ಅದು ಏನು ಮಾಡುತ್ತಿದೆ ಎಂದು ಗೊತ್ತಿಲ್ಲದಿದ್ದರೆ ಇಲ್ಲೇ ನಿಲ್ಲಿಸಿ ಆಪರೇಷನ್ಸ್‌ನವರನ್ನು ಕರೆಯಿರಿ.

"ಐಪಿಎಲ್ ಆದ ಮರುದಿನ ಎಲ್ಲ ನಿಧಾನ"

ಕ್ರಿಕೆಟ್‌ನದ್ದಲ್ಲ, ಮೆಷಿನ್ ಮತ್ತೆ ಶುರು ಮಾಡುವ ಐಪಿಎಲ್. ಆಗ ಪ್ಲಾನ್ ಕ್ಯಾಶ್, ಅಂದರೆ ಹಿಂದೆ ಮಾಡಿದ ಪ್ಲಾನ್‌ಗಳ ಸಂಗ್ರಹ, ಖಾಲಿಯಾಗುತ್ತದೆ. ಅದಕ್ಕಿಂತ ಮುಖ್ಯ, ಸಿಸ್ಟಮ್ ತಾನೇ ಕಟ್ಟಿಕೊಂಡು ನಡೆಸುತ್ತಿದ್ದ ತಾತ್ಕಾಲಿಕ ಇಂಡೆಕ್ಸ್‌ಗಳೂ ಹೋಗುತ್ತವೆ. ಡಿಡಿಎಸ್ (ಫೈಲಿನ ರಚನೆ ಬರೆಯುವ ಹಳೆಯ ಭಾಷೆ) ಲಾಜಿಕಲ್ ಫೈಲುಗಳು ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ರೆಕಾರ್ಡ್ ಲೆವೆಲ್ ಪ್ರೋಗ್ರಾಂಗೆ ಬಿಸಿ ತಟ್ಟುವುದಿಲ್ಲ. ವಾರವಿಡೀ ಚೆನ್ನಾಗಿದ್ದು ಐಪಿಎಲ್ ಆದಾಗ ಮಾತ್ರ ಮುಗ್ಗರಿಸುವ ಕ್ವೆರಿ ಕಂಡರೆ, ಆ ತಾತ್ಕಾಲಿಕ ಇಂಡೆಕ್ಸ್‌ನ ಜಾಗಕ್ಕೆ ಶಾಶ್ವತವಾದದ್ದನ್ನು ಕಟ್ಟಿ.

"ಫೈಲಿನಲ್ಲಿ ರೆಕಾರ್ಡ್ ಕಡಿಮೆ, ಆದರೂ ಕ್ವೆರಿ ಏದುಸಿರು ಬಿಡುತ್ತದೆ"

ಡಿಎಸ್‌ಪಿಎಫ್‌ಡಿ ಕಮಾಂಡ್ ಕೊಟ್ಟು ಅಳಿಸಿದ ರೆಕಾರ್ಡ್‌ಗಳ ಸಂಖ್ಯೆ ನೋಡಿ. ಡಿಡಿಎಸ್‌ನಿಂದ ಮಾಡಿದ ಫೈಲುಗಳು ಡೀಫಾಲ್ಟ್ ಆಗಿ ಅಳಿಸಿದ ಜಾಗವನ್ನು ಮತ್ತೆ ಬಳಸುವುದಿಲ್ಲ. ವರ್ಷಗಟ್ಟಲೆ ಬರೆದು ಅಳಿಸಿದ ಫೈಲಿನಲ್ಲಿ ಇರುವ ರೆಕಾರ್ಡ್‌ಗಿಂತ ಅಳಿಸಿದ್ದೇ ಜಾಸ್ತಿ ಇರಬಹುದು. ಕೀ ಹಿಡಿದು ಹೋಗುವ ಚೈನ್‌ಗೆ ಇದರ ಅರಿವೇ ಆಗುವುದಿಲ್ಲ. ಇಡೀ ಟೇಬಲ್ ಓದುವ ಎಸ್‌ಕ್ಯೂಎಲ್ ಆ ಖಾಲಿ ಜಾಗಗಳನ್ನೂ ದಾಟಬೇಕು.

ಪರಿಹಾರ ಆರ್‌ಜಿಝಡ್‌ಪಿಎಫ್‌ಎಂ, ಅಳಿಸಿದ ಜಾಗ ತೆಗೆದು ಫೈಲನ್ನು ಮತ್ತೆ ಜೋಡಿಸುವ ಕಮಾಂಡ್. ಆದರೆ ಸಾಮಾನ್ಯವಾಗಿ ಅದಕ್ಕೆ ಫೈಲ್ ಒಂದೇ ಕೈಯಲ್ಲಿರಬೇಕು, ಅಂದರೆ ಬೇರೆ ಯಾರೂ ಬಳಸುತ್ತಿರಬಾರದು. ಮುಂಚೆ ಬ್ಯಾಕಪ್ ತೆಗೆಯಿರಿ. ಯಾವ ಪ್ರೋಗ್ರಾಂ ಆದರೂ ರಿಲೇಟಿವ್ ರೆಕಾರ್ಡ್ ನಂಬರ್ (ಫೈಲಿನಲ್ಲಿ ರೆಕಾರ್ಡ್ ಇರುವ ಸ್ಥಾನದ ಸಂಖ್ಯೆ) ನೆಚ್ಚಿಕೊಂಡಿದ್ದರೆ ಅಥವಾ ಬರೆದ ಕ್ರಮದಲ್ಲೇ ಓದುತ್ತಿದ್ದರೆ ಇದನ್ನು ಮುಟ್ಟಬೇಡಿ. ನಂಬರ್‌ಗಳು ಬದಲಾಗುತ್ತವೆ, ಎರರ್ ಮಾತ್ರ ಬರುವುದಿಲ್ಲ.

"ವೇಗ ಸರಿಯಾಯಿತು, ಉತ್ತರ ಬೇರೆ ಬರುತ್ತಿದೆ"

ಡಿಡಿಎಸ್ ಫೈಲಿಗೆ ಬರೆಯುವಾಗ ಸಂಖ್ಯೆಯ ಜಾಗದಲ್ಲಿ ಕಸ ಸೇರಿಬಿಡಬಹುದು, ಉದಾಹರಣೆಗೆ ಬರೀ ಸ್ಪೇಸ್. ಅದು ಗೊತ್ತಾಗುವುದು ಓದುವಾಗ. ಆರ್‌ಪಿಜಿ ಆ ಫೀಲ್ಡ್ ಮುಟ್ಟದಿದ್ದರೆ ಏನೂ ಆಗುತ್ತಿರಲಿಲ್ಲ. ಎಸ್‌ಕ್ಯೂಎಲ್ ಕೂಡಿಸಲು ಹೋದಾಗ ಡೇಟಾ ಮ್ಯಾಪಿಂಗ್ ಎರರ್ ಬರುತ್ತದೆ. ಮೊದಲು ಡೇಟಾ ಸರಿಪಡಿಸಬೇಕು. ಎಸ್‌ಕ್ಯೂಎಲ್‌ನಿಂದ ಮಾಡಿದ ಟೇಬಲ್ ಬರೆಯುವಾಗಲೇ ಪರೀಕ್ಷಿಸುತ್ತದೆ, ಅಲ್ಲಿ ಈ ತಾಪತ್ರಯ ಇಲ್ಲ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಓಡಿಪಿ ಉಳಿಯುತ್ತಿದೆ, ಜಾಯಿನ್ ಆಗಿದೆ, ಇಂಡೆಕ್ಸ್ ಸರಿಯಾಗಿದೆ, ಲಾಕ್ ಇಲ್ಲ, ಆದರೂ ನಿಧಾನ ಎಂದಾದರೆ ಆ್ಯಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್‌ನಲ್ಲಿ ವಿಶುವಲ್ ಎಕ್ಸ್‌ಪ್ಲೇನ್ (ಕ್ವೆರಿಯ ಪ್ಲಾನ್ ಅನ್ನು ಚಿತ್ರವಾಗಿ ತೋರಿಸುವ ಸಾಧನ) ತೆರೆದು ನೋಡಿ. ಅಂದಾಜಿಸಿದ ಸಾಲುಗಳಿಗೂ ನಿಜವಾಗಿ ಬಂದ ಸಾಲುಗಳಿಗೂ ಅಜಗಜಾಂತರ ಇದ್ದರೆ, ಅಥವಾ ನಿನ್ನೆ ಇದ್ದ ಪ್ಲಾನ್ ಇವತ್ತು ಕಾರಣವಿಲ್ಲದೆ ಬದಲಾಗಿದ್ದರೆ, ಡಿಬಿಎ ಅಥವಾ ಐಬಿಎಂ ಸಪೋರ್ಟ್ ಕೈಗೆ ಕೊಡುವ ಹೊತ್ತು. ಕ್ವೆರಿ ನಡೆಯುವ ರೀತಿಯನ್ನು ನಿಯಂತ್ರಿಸುವ ಕ್ಯೂಎಕ್ಯೂಕ್ಯೂಐಎನ್ಐ ಫೈಲಿನ ಆಯ್ಕೆಗಳನ್ನು ಊಹೆಯ ಮೇಲೆ ತಿರುಚಬೇಡಿ. ಪ್ರಯೋಗ ಮಾಡಲೇಬೇಕಾದರೆ ನಿಮ್ಮ ಲೈಬ್ರರಿಗೆ ನಕಲು ಮಾಡಿಕೊಂಡು ನಿಮ್ಮ ಜಾಬ್‌ಗೆ ಮಾತ್ರ ಅನ್ವಯಿಸಿ.

ಡೇಟಾಬೇಸ್ ಮಾನಿಟರ್ (ಓಡುವ ಕ್ವೆರಿಗಳ ವಿವರವನ್ನು ಫೈಲಿಗೆ ಬರೆದಿಡುವ ಸಾಧನ) ಹಾಕುವ ಮುನ್ನವೂ ಯೋಚಿಸಿ. ಎಲ್ಲ ಜಾಬ್‌ಗಳ ಮೇಲೆ ಹಾಕಿ ಮರೆತರೆ ಅದರ ಫೈಲ್ ಡಿಸ್ಕ್ ನುಂಗುತ್ತದೆ. ಒಂದು ಜಾಬ್ ಅಥವಾ ಒಂದು ಟೇಬಲ್ ಎಂದು ಸೋಸಿ ಹಾಕಿ, ಮುಗಿದ ಕೂಡಲೇ ನಿಲ್ಲಿಸಿ.

ಅವರಿಗೆ ಕೊಡಬೇಕಾದ್ದು: ಎರಡೂ ಪ್ರೋಗ್ರಾಂಗಳ ಜಾಬ್ ಲಾಗ್, ಐದು ಸಲದ ಸಮಯ, ಸ್ಟೇಟ್‌ಮೆಂಟ್‌ನ ಪೂರ್ತಿ ಪಠ್ಯ, ರಿಲೀಸ್ ಮತ್ತು ಡಿಬಿ2 (ಈ ಮೆಷಿನ್‌ನ ಡೇಟಾಬೇಸ್) ಗ್ರೂಪ್ ಪಿಟಿಎಫ್ (ಐಬಿಎಂ ಕೊಡುವ ತಿದ್ದುಪಡಿ) ಮಟ್ಟ, ಪ್ಲಾನ್ ಕ್ಯಾಶ್‌ನ ಸ್ನ್ಯಾಪ್‌ಶಾಟ್. ಸ್ನ್ಯಾಪ್‌ಶಾಟನ್ನು ಮುಂದಿನ ಐಪಿಎಲ್‌ಗೆ ಮುಂಚೆಯೇ ತೆಗೆದಿಡಿ. ಇಎನ್‌ಡಿಡಿಬಿಜಿ ಕೊಟ್ಟು ಡಿಬಗ್ ಮುಗಿಸಲು ಮರೆಯಬೇಡಿ.